ಶಿವಪುರ ಧ್ವಜ ಸತ್ಯಾಗ್ರಹ: ಪೌರಹಕ್ಕಿನ ಹಿನ್ನೆಲೆಯಲ್ಲಿ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಸೀಮೆಯಿಂದ ಮೈಸೂರಿನತ್ತ ಸಾಗಿದರೆ ಶಿಂಷಾ ನದಿಯ ಮಗ್ಗುಲಲ್ಲಿ ಮದ್ದೂರು, ಅದಕ್ಕೆ ಹೊಂದಿಕೊಂಡು ಶಿವಪುರ ಸಿಗುತ್ತವೆ. 1938ರಲ್ಲಿ ಚನ್ನಪಟ್ಟಣವು ಬೆಂಗಳೂರು ಜಿಲ್ಲೆಗೂ ಮದ್ದೂರು ಮೈಸೂರು ಜಿಲ್ಲೆಗೂ ಸೇರಿದ್ದವು. ಮಂಡ್ಯ ಜಿಲ್ಲೆ ರಚನೆಯಾದುದು 1939ರಲ್ಲಿ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹವನ್ನು ರಾಷ್ಟ್ರೀಯ ಚಳವಳಿಯ ಒಂದು ಅಧ್ಯಾಯವೆಂದು ವರ್ಣಿಸುವುದು ವಾಡಿಕೆ. ಈ ವರ್ಣನೆ ತಪ್ಪಲ್ಲ, ಆದರೆ ಅಪೂರ್ಣ. ಸಭೆ ಸೇರುವ, ಮಾತನಾಡುವ, ತಮ್ಮ ಸಂಘಟನೆಯ ಗುರುತನ್ನು ಎತ್ತಿ ಹಿಡಿಯುವ ಹಕ್ಕು ಸಂಸ್ಥಾನದ ಪ್ರಜೆಗೆ ಉಂಟೇ ಇಲ್ಲವೇ ಎಂಬುದೇ ಅಲ್ಲಿನ ಮೂಲ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಯ ಹಿಂದೆ ಎರಡು ಧಾರೆಗಳಿದ್ದವು. ಮೊದಲನೆಯದು ಸಮಾನತೆಯ ಬೇಡಿಕೆ. 1917ರಲ್ಲಿ ಸ್ಥಾಪನೆಯಾದ ಪ್ರಜಾಮಿತ್ರ ಮಂಡಳಿಯು ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೇಳಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡರಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಸಮಿತಿ ಶಿಫಾರಸು ಮಾಡಿತು. ಮನವಿ, ನಿಯೋಗ, ಪ್ರಜಾಪ್ರತಿನಿಧಿ ಸಭೆಯ ಚರ್ಚೆ, ಇವೇ ಈ ಧಾರೆಯ ಸಾಧನಗಳು. ಎರಡನೆಯ ಧಾರೆಯಾದ ಕಾಂಗ್ರೆಸ್ಸಿಗೆ ಸತ್ಯಾಗ್ರಹದ ವಿಧಾನ ತಿಳಿದಿತ್ತು. ಹಳ್ಳಿಗಾಡಿನ ಒಕ್ಕಲು ಸಮುದಾಯಗಳ ಬೆಂಬಲವಿರಲಿಲ್ಲ. 1937ರಲ್ಲಿ ಪ್ರಜಾ ಸಂಯುಕ್ತ ಪಕ್ಷವು ಕಾಂಗ್ರೆಸ್ಸಿನೊಡನೆ ವಿಲೀನಗೊಂಡಿತು. ಒಂದಕ್ಕೆ ಜನರಿದ್ದರು, ಇನ್ನೊಂದಕ್ಕೆ ವಿಧಾನವಿತ್ತು. ಶಿವಪುರವು ಈ ಕೂಡಿಕೆಯ ಮೊದಲ ದೊಡ್ಡ ಫಲ.

ಅದೇ 1937ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದ ಕೆ.ಎಫ್. ನಾರಿಮನ್ ಅವರನ್ನು ಬಂಧಿಸಿದಾಗ ಜನ ಬೀದಿಗಿಳಿದಿದ್ದರು, ಗೋಲಿಬಾರು ನಡೆದಿತ್ತು. ಇತ್ತ 1938ರ ಹರಿಪುರ ಅಧಿವೇಶನವು ಸಂಸ್ಥಾನಗಳ ಹೋರಾಟವನ್ನು ಅಲ್ಲಿನ ಪ್ರಜೆಗಳೇ ನಡೆಸಿಕೊಳ್ಳಲೆಂದು ತೀರ್ಮಾನಿಸಿತ್ತು. ಹೀಗಾಗಿ ಮೈಸೂರು ಕಾಂಗ್ರೆಸ್ ತನ್ನ ಮೊದಲ ಅಧಿವೇಶನವನ್ನು ಸ್ವಂತ ಬಲದ ಮೇಲೆಯೇ ನಡೆಸಬೇಕಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರವು ಧ್ವಜಾರೋಹಣವನ್ನು ನಿಷೇಧಿಸಿತು. ಏಪ್ರಿಲ್ 11ರಂದು ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮೀರಿ ಬಂಧನಕ್ಕೊಳಗಾದರು. ಒಬ್ಬರು ಸೆರೆಯಾದೊಡನೆ ಮತ್ತೊಬ್ಬರು ಮುಂದೆ ಬಂದರು. ನೆರೆದಿದ್ದ ಸಾವಿರಾರು ಜನ ಕಲ್ಲೆತ್ತಲಿಲ್ಲ, ಚದುರಲೂ ಇಲ್ಲ. ಆಜ್ಞೆಯನ್ನು ಮುರಿಯುವುದು, ಅದರ ದಂಡವನ್ನು ತಾವೇ ಹೊರುವುದು: ಈ ಶಿಸ್ತಿನ ಎದುರು ಲಾಠಿಗೆ ನೆಪವೇ ಉಳಿಯಲಿಲ್ಲ.

ಎರಡು ವಾರಗಳ ನಂತರ, ಏಪ್ರಿಲ್ 25ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಇದೇ ಧ್ವಜದ ಕಾರಣಕ್ಕೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದು ಸರ್ಕಾರ ಹೇಳಿದರೆ, ಜನರ ಲೆಕ್ಕ ಮೂವತ್ತನ್ನು ಮೀರಿತು. ಮೇ ತಿಂಗಳಲ್ಲಿ ವಲ್ಲಭಭಾಯಿ ಪಟೇಲರು ಮತ್ತು ಜೆ.ಬಿ. ಕೃಪಲಾನಿಯವರು ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು, ಬಂಧಿತರ ಬಿಡುಗಡೆಯಾಯಿತು, ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು. ಇದನ್ನು ಅರೆಗೆಲುವೆಂದೇ ಕರೆಯಬೇಕು. ಜವಾಬ್ದಾರಿ ಸರ್ಕಾರವು ಬಂದುದು 1947ರ ಅಕ್ಟೋಬರಿನಲ್ಲಿ, 'ಮೈಸೂರು ಚಲೋ' ಚಳವಳಿಯ ಬಳಿಕ. ಆಗ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರು ಪ್ರಜಾ ಸಂಯುಕ್ತ ಪಕ್ಷದಿಂದ ಬಂದವರು; 1952ರಲ್ಲಿ ಆ ಸ್ಥಾನಕ್ಕೇರಿದ ಕೆಂಗಲ್ ಹನುಮಂತಯ್ಯನವರು ಇದೇ ರಾಮನಗರ ಸೀಮೆಯ ಲಕ್ಕಪ್ಪನಹಳ್ಳಿಯವರು.

ಸಮಾನತೆಯ ಲೆಕ್ಕದಲ್ಲಿ ಮಾತ್ರ ಒಂದು ಬಾಕಿ ಉಳಿದಿತ್ತು. ಮಿಲ್ಲರ್ ಸಮಿತಿಯ ಫಲ ಹೆಚ್ಚಾಗಿ ಸಂದುದು ಭೂಮಿ ಮತ್ತು ವಿದ್ಯೆಯಲ್ಲಿ ಮುಂದಿದ್ದ ಬ್ರಾಹ್ಮಣೇತರರಿಗೆ. 1934ರ ಜನವರಿಯಲ್ಲಿ ಗಾಂಧೀಜಿಯವರು ಹರಿಜನ ಪ್ರವಾಸದಲ್ಲಿ ಸಂಸ್ಥಾನಕ್ಕೆ ಬಂದು ಅಸ್ಪೃಶ್ಯತೆಯ ವಿರುದ್ಧ ಮಾತನಾಡಿ ಹೋಗಿದ್ದರೂ, ಶಿವಪುರದ ಬೇಡಿಕೆಗಳ ಕೇಂದ್ರದಲ್ಲಿ ಆ ಪ್ರಶ್ನೆ ಇರಲಿಲ್ಲ. ಬಾವುಟ ಹಾರಿಸುವ ಹಕ್ಕನ್ನು ಪ್ರಜೆಗಳು ಒಂದೇ ತಿಂಗಳಲ್ಲಿ ಪಡೆದರು. ಊರ ದೇವಾಲಯದ ಒಳಗೆ ಕಾಲಿಡಲು ದಲಿತರಿಗೆ ಕಾನೂನಿನ ಆಸರೆ ದೊರೆತುದು ಹತ್ತು ವರ್ಷಗಳ ನಂತರ, 1948ರ ಮೈಸೂರು ದೇವಾಲಯ ಪ್ರವೇಶ ಶಾಸನದಿಂದ.