ಲೆಕ್ಕಕ್ಕೆ ಸಿಗದ ಗೆಲುವುಗಳು

2004ರಲ್ಲಿ 'ವಿಂಬಲ್ಡನ್' ಎಂಬ ಹಾಸ್ಯಭರಿತ ಪ್ರೇಮಚಿತ್ರವೊಂದು ತೆರೆಗೆ ಬಂತು. ನಿರ್ದೇಶಕ ರಿಚರ್ಡ್ ಲಾಂಕ್ರೇನ್. ವಿಶ್ವ ಶ್ರೇಯಾಂಕದಲ್ಲಿ 119ಕ್ಕೆ ಕುಸಿದ ಬ್ರಿಟಿಷ್ ಆಟಗಾರ ಪೀಟರ್ ಕೋಲ್ಟ್ ಅಮೆರಿಕದ ಆಟಗಾರ್ತಿ ಲಿಜ್ಜಿಗೆ ಮನಸೋಲುತ್ತಾನೆ. ಪ್ರೀತಿ ಅವನ ಆಟಕ್ಕೆ ಜೀವ ತುಂಬುತ್ತದೆ, ಅವನು ಚಾಂಪಿಯನ್ ಆಗುತ್ತಾನೆ. ಅವಳು ಮಾತ್ರ ಸೆಮಿಫೈನಲ್‌ನಲ್ಲೇ ಸೋಲುತ್ತಾಳೆ.

ಬ್ರಿಟಿಷರಿಗೆ ಇದು ಬರೀ ಪ್ರೇಮಕಥೆಯಾಗಿರಲಿಲ್ಲ. 1936ರಲ್ಲಿ ಫ್ರೆಡ್ ಪೆರಿ ಗೆದ್ದ ಮೇಲೆ ಅವರ ಯಾವ ಪುರುಷನೂ ಅಲ್ಲಿ ಸಿಂಗಲ್ಸ್ ಪ್ರಶಸ್ತಿ ಮುಟ್ಟಿರಲಿಲ್ಲ. ಆದರೆ ಆ ಪೆರಿಯನ್ನು ಅವರು ನಡೆಸಿಕೊಂಡ ರೀತಿ ಹೇಗಿತ್ತು? ಆತ ಹತ್ತಿ ಗಿರಣಿಯಲ್ಲಿ ದುಡಿದು, ಮುಂದೆ ಲೇಬರ್ ಪಕ್ಷದ ಸಂಸದನಾದವನ ಮಗ. 1934ರಿಂದ ಸತತ ಮೂರು ಬಾರಿ ಗೆದ್ದರೂ ಕ್ಲಬ್ಬಿನ ಕುಲೀನರಿಗೆ ಪರಕೀಯನೇ. ಹಣಕ್ಕಾಗಿ ಆಡುವುದು ಆಗ ಕೀಳು. ವೃತ್ತಿಪರನಾದದ್ದೇ ತಡ, ಕ್ಲಬ್ ಅವನ ಸದಸ್ಯತ್ವ ಕಿತ್ತುಕೊಂಡಿತು. ಉಳ್ಳವರು ಬಿಡುವಿಗಾಗಿ ಆಡಬಹುದು, ದುಡಿಯುವವನು ಹೊಟ್ಟೆಗಾಗಿ ಆಡಬಾರದು! ವೃತ್ತಿಪರರಿಗೆ ವಿಂಬಲ್ಡನ್ ಬಾಗಿಲು ತೆರೆದದ್ದು 1968ರಲ್ಲಿ. 1984ರಲ್ಲಿ ಅದೇ ಅಂಗಳದಲ್ಲಿ ಪೆರಿಯ ಪ್ರತಿಮೆ ಎದ್ದು ನಿಂತಿತು.

ಇಂಥ ಪ್ರೇಮ ನಿಜಜೀವನದಲ್ಲೂ ಇತ್ತು. 1974ರಲ್ಲಿ ಜಿಮ್ಮಿ ಕಾನರ್ಸ್, ಕ್ರಿಸ್ ಎವರ್ಟ್ ನಿಶ್ಚಿತಾರ್ಥವಾಗಿದ್ದ ಜೋಡಿ. ಆ ವರ್ಷ ವಿಂಬಲ್ಡನ್‌ನಲ್ಲಿ ಇಬ್ಬರೂ ಗೆದ್ದರು. ಮದುವೆ ಮಾತ್ರ ಮುರಿದುಬಿತ್ತು. ಅದೇ ಎವರ್ಟ್ ಈ ಚಿತ್ರದಲ್ಲಿ ವೀಕ್ಷಕ ವಿವರಣೆಗಾರ್ತಿ. ಪ್ರೀತಿಸಿದ ಹೆಣ್ಣು ಆಟದಲ್ಲಿ ಸೋಲಲೇಬೇಕಿಲ್ಲ ಎಂಬುದಕ್ಕೆ ಆಕೆಯೇ ಸಾಕ್ಷಿ. ಲಿಜ್ಜಿಯೂ ಮುಂದೆ ಗೆಲ್ಲುತ್ತಾಳೆ. ಆದರೆ ಆ ಗೆಲುವು ತೆರೆಯ ಮೇಲೆ ಆಟವಾಗಿ ಬರುವುದಿಲ್ಲ, ಕೊನೆಯಲ್ಲಿ ನಾಯಕನ ಬಾಯಲ್ಲಿ ಒಂದು ಮಾತಾಗಿ ಬಂದುಹೋಗುತ್ತದೆ.

2013ರಲ್ಲಿ ಆಂಡಿ ಮರ್ರೆ ಗೆದ್ದಾಗ '77 ವರ್ಷಗಳ ಕಾಯುವಿಕೆ ಮುಗಿಯಿತು' ಎಂದು ಬ್ರಿಟನ್ ಸಂಭ್ರಮಿಸಿತು. ಹಾಗಾದರೆ 1937ರ ಡೊರೊತಿ ರೌಂಡ್, 1961ರ ಏಂಜೆಲಾ ಮಾರ್ಟಿಮರ್, 1969ರ ಆನ್ ಜೋನ್ಸ್ ಯಾವ ಲೆಕ್ಕ? ವಿಂಬಲ್ಡನ್ ಶತಮಾನೋತ್ಸವದ 1977ರಲ್ಲಿ ರಾಣಿಯ ಕೈಯಿಂದಲೇ ಪ್ರಶಸ್ತಿ ಪಡೆದ ವರ್ಜೀನಿಯಾ ವೇಡ್?

2017ರಲ್ಲಿ ಪತ್ರಕರ್ತರೊಬ್ಬರು, 2009ರ ನಂತರ ಪ್ರಮುಖ ಟೂರ್ನಿಯೊಂದರ ಸೆಮಿಫೈನಲ್ ತಲುಪಿದ ಮೊದಲ ಅಮೆರಿಕನ್ ಎಂದು ಸ್ಯಾಮ್ ಕ್ವೆರಿಯನ್ನು ಬಣ್ಣಿಸಿದರು. ಮರ್ರೆ ತಡೆದು, 'ಪುರುಷ ಆಟಗಾರ' ಎಂದು ತಿದ್ದಿದ. ಅದೇ ದೇಶದ ವಿಲಿಯಮ್ಸ್ ಸೋದರಿಯರು ಆ ವರ್ಷಗಳಲ್ಲಿ ಪ್ರಶಸ್ತಿಗಳನ್ನು ಬಾಚಿದ್ದರಲ್ಲ!

ದುಡಿಯುವವನ ಮಗನನ್ನು ಹೊರಗಿಟ್ಟದ್ದು ಕ್ಲಬ್ಬಿನ ನಿಯಮ. ಹೆಣ್ಣನ್ನು ಹೊರಗಿಡಲು ನಿಯಮವೇ ಬೇಕಾಗಲಿಲ್ಲ, ಮರೆವೇ ಸಾಕಾಯಿತು.