ಉಸಿರು ಹಿಡಿದವರು, ಉಸಿರು ಹೊತ್ತವರು

ಸ್ಕೂಬಾ ಕಲಿಯಲು ಹೋದವರನ್ನು ಹಲವು ಕಡೆ ಮೊದಲ ದಿನವೇ ಆಳಕ್ಕೆ ಇಳಿಸುವುದಿಲ್ಲ. ಮುಖಕ್ಕೊಂದು ಗಾಜಿನ ಮಾಸ್ಕ್, ಬಾಯಿಗೊಂದು ಬಾಗಿದ ಕೊಳವೆ, ಕಾಲಿಗೆ ರಬ್ಬರಿನ ರೆಕ್ಕೆ ತೊಡಿಸಿ ಹವಳದ ದಿಬ್ಬದ ಮೇಲೆ ಬೋರಲಾಗಿ ತೇಲಲು ಬಿಡುತ್ತಾರೆ. ಆ ಕೊಳವೆಯೇ ಸ್ನಾರ್ಕೆಲ್. ಈ ಹೆಸರು ಬಂದದ್ದು ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮೆರೀನ್‌ಗಳಿಂದ. ನೀರಿನೊಳಗಿದ್ದುಕೊಂಡೇ ಮೇಲಿನ ಗಾಳಿ ಎಳೆದುಕೊಳ್ಳಲು ಅವುಗಳಿಗೆ ಅಂಥದೊಂದು ಕೊಳವೆಯಿತ್ತು. ಆದರೆ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಅರಿಸ್ಟಾಟಲ್ ಆನೆಯ ಸೊಂಡಿಲನ್ನು ವರ್ಣಿಸುವಾಗ, ಮುಳುಗುಗಾರರು ಗಾಳಿಗಾಗಿ ಬಳಸುತ್ತಿದ್ದ ಸಾಧನಕ್ಕೆ ಅದನ್ನು ಹೋಲಿಸಿದ್ದಾರೆ.

ಹಾಗಾದರೆ ಕೊಳವೆಯನ್ನೇ ಇನ್ನಷ್ಟು ಉದ್ದ ಮಾಡಿದರೆ ಸಾಲದೇ? ಸಾಲದು. ಒಂದು ಮೀಟರ್ ಆಳದಲ್ಲೇ ನೀರು ಎದೆಯನ್ನು ಎಷ್ಟು ಒತ್ತುತ್ತದೆಯೆಂದರೆ, ಮೇಲಿನ ಗಾಳಿಯನ್ನು ಒಳಗೆಳೆದುಕೊಳ್ಳುವುದೇ ಕಷ್ಟವಾಗುತ್ತದೆ. ಆದ್ದರಿಂದ ಶತಮಾನಗಳ ಕಾಲ ಆಳಕ್ಕಿಳಿಯಬೇಕಾದವನಿಗೆ ಇದ್ದ ಸುಲಭ ದಾರಿ ಒಂದೇ, ಉಸಿರು ಬಿಗಿಹಿಡಿಯುವುದು.

ಹಾಗೆ ಇಳಿದವರು ಕೂಲಿಗಾರರೇ ಹೊರತು ವಿಹಾರಕ್ಕೆ ಬಂದವರಲ್ಲ. ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಕೊಲ್ಲಿಯ ಮುತ್ತಿನ ಮುಳುಗುಗಾರರ ಬಗ್ಗೆ ಬರೆದಿದ್ದಾರೆ. ಆಮೆಯ ಚಿಪ್ಪಿನಿಂದ ಮಾಡಿದ ಮುಖವಾಡ, ಮೂಗು ಹಿಡಿಯಲು ಅದರದೇ ಚಿಮಟ, ಸೊಂಟಕ್ಕೆ ಹಗ್ಗ. ಕೆಲವರು ಒಂದೆರಡು ತಾಸು ನೀರಿನಲ್ಲಿರುತ್ತಾರೆ ಎಂದೂ ಅವರು ಹೇಳುತ್ತಾರೆ. ಇದು ಯಾರೋ ಹೇಳಿದ್ದನ್ನು ನಂಬಿ ಬರೆದದ್ದಿರಬೇಕು. ನಿಜದಲ್ಲಿ ಒಂದು ಮುಳುಗು ಒಂದೂವರೆ ನಿಮಿಷ ಮೀರುತ್ತಿದ್ದುದೇ ಅಪರೂಪ. ಅಂಥ ಮುಳುಗನ್ನು ದಿನಕ್ಕೆ ಹತ್ತಾರು ಬಾರಿ ಹಾಕಬೇಕಿತ್ತು. ದೋಣಿಯ ಒಡೆಯ ನಾಖುದಾ (ನಮ್ಮ ಕರಾವಳಿಯಲ್ಲೂ ಕೇಳಿಬರುವ ಪದವಿದು) ಋತುವಿನ ಮೊದಲೇ ಮುಂಗಡ ಕೊಡುತ್ತಿದ್ದ. ಆ ಸಾಲ ತೀರದೆ ಎಷ್ಟೋ ಮಂದಿ ಮತ್ತೆ ಮತ್ತೆ ಅದೇ ದೋಣಿ ಹತ್ತಿದರು. 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತು ಮತ್ತು ಜಾಗತಿಕ ಆರ್ಥಿಕ ಕುಸಿತ ಸೇರಿ ಆ ಕಸುಬು ನೆಲಕಚ್ಚಿತು.

ಅದರ ಮುಂದಿನ ದಶಕದಲ್ಲೇ ಯಂತ್ರ ಬಂತು. ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಬರ. ಕಾರುಗಳನ್ನು ಗ್ಯಾಸಿನಿಂದ ಓಡಿಸಲು ಇಂಜಿನಿಯರ್ ಎಮಿಲ್ ಗಾನ್ಯಾನ್ ಒಂದು ವಾಲ್ವ್ ಸಿದ್ಧಪಡಿಸಿದ್ದರು. ನೌಕಾದಳದ ಅಧಿಕಾರಿ ಝಾಕ್ ಕುಸ್ತೋ ಜೊತೆಗೂಡಿ ಅದನ್ನೇ ಮನುಷ್ಯನ ಉಸಿರಿಗೆ ಹೊಂದಿಸಿದರು. 1943ರಲ್ಲಿ ಕುಸ್ತೋ ಅದನ್ನು ಬೆನ್ನಿಗೇರಿಸಿಕೊಂಡು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದರು. ಸುತ್ತಲ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು, ಅದೂ ಉಸಿರೆಳೆದಾಗ ಮಾತ್ರ ಕೊಡುವುದು ಆ ವಾಲ್ವಿನ ಗುಟ್ಟು.

ಇದರಿಂದ ಹಳೆಯ ವಿದ್ಯೆ ತಲೆಕೆಳಗಾಯಿತು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟಿರುತ್ತದೆ. ಅಲ್ಲಿ ಸಿಲಿಂಡರಿನಿಂದ ಶ್ವಾಸಕೋಶ ತುಂಬಿಕೊಂಡವನು ಉಸಿರು ಬಿಗಿಹಿಡಿದು ಮೇಲೆ ಬಂದರೆ, ಆ ಗಾಳಿ ಎರಡು ಪಟ್ಟು ಹಿಗ್ಗಲು ಹೊರಟು ಶ್ವಾಸಕೋಶವನ್ನೇ ಹರಿಯುತ್ತದೆ. ಹಾಗಾಗಿ ಸ್ಕೂಬಾ ಶಾಲೆಯ ಮೊದಲ ನಿಯಮ, ಎಂದೂ ಉಸಿರು ಹಿಡಿಯಬೇಡ. ಮುತ್ತಿನ ಮುಳುಗುಗಾರನ ಜೀವ ಕಾಯ್ದ ವಿದ್ಯೆಯೇ ಇಲ್ಲಿ ಜೀವ ತೆಗೆಯುತ್ತದೆ.

ಈ ಹೊಸ ಸಾಧನ ಹೊತ್ತವರು ಆರಂಭದಲ್ಲಿ ಹವಳವನ್ನು ನಡೆಸಿಕೊಂಡ ರೀತಿ ಹೆಮ್ಮೆಪಡುವಂಥದ್ದಲ್ಲ. 1956ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆದ ಕುಸ್ತೋ ಅವರ ಚಿತ್ರದಲ್ಲಿ, ಮೀನುಗಳನ್ನು ಎಣಿಸುವುದಕ್ಕಾಗಿ ಹವಳದ ದಿಬ್ಬಕ್ಕೆ ಡೈನಮೈಟ್ ಇಡುವ ದೃಶ್ಯವಿದೆ.

ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಹವಳದ ನಡುವೆಯೇ ಕಲಿಯಲು ಪ್ರವಾಸಿಗರು ಹೋದ ಜಾಗಗಳಲ್ಲಿ ಲಕ್ಷದ್ವೀಪದ ಕದ್ಮತ್ ಒಂದು. ಕನ್ನಡಿಗರಿಗೆ ಅದು ತೀರಾ ಪರಕೀಯವಲ್ಲ. ಅಮೀನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಸೇರಿದ ಅಮೀನದಿವಿ ಗುಂಪು ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿತ್ತು. 1799ರಲ್ಲಿ ಅದು ಕಂಪನಿಯ ಕೈಸೇರಿತು. ಮುಂದೆ 1956ರ ನವೆಂಬರ್ 1ರವರೆಗೂ ಅದರ ಆಡಳಿತ ನಡೆದದ್ದು ಮಂಗಳೂರಿನಿಂದ. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಅಕ್ಕಿ ಒಯ್ಯುತ್ತಿದ್ದುದೂ ಇದೇ ಬಂದರಿನಿಂದ.

ಈಗ ಕದ್ಮತ್‌ನ ನೀರಿನಲ್ಲಿ ಬೋರಲಾಗಿ ತೇಲುವವರಿಗೆ ಕಾಣುವುದು ಹಿಂದಿನವರು ಕಂಡ ಹವಳವಲ್ಲ. ಹವಳ ಒಂದು ಜೀವಿ. ಅದರ ಮೈಯೊಳಗಿನ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವುದು. ನೀರು ಅತಿಯಾಗಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಬಿಳಿಚುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಬಿಳಿಚಿತು. ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ ನಡೆದ ದೀರ್ಘ ಅಧ್ಯಯನದಂತೆ, 1998ರಲ್ಲಿ ಸುಮಾರು ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ. 20ರ ಆಸುಪಾಸಿಗೆ ಇಳಿದಿತ್ತು.

ಕಲಿಯುವವನ ಕಾಲಿನ ರೆಕ್ಕೆ ತಾಗಿ ಮುರಿಯುವ ಹವಳ ಇದರ ಮುಂದೆ ಸಣ್ಣದು. ಆದರೂ ಸ್ನಾರ್ಕೆಲ್‌ನಿಂದಲೇ ಪಾಠ ಆರಂಭಿಸುವುದಕ್ಕೆ ಅರ್ಥವಿದೆ. ಹವಳದ ಮೇಲೆ ಕಾಲೂರದೆ ತೇಲಿ ನಿಲ್ಲುವುದನ್ನು ಅಲ್ಲೇ ಕಲಿಯಬೇಕು. ದ್ವೀಪದವರಿಗಂತೂ ಅದು ನೋಟದ ವಸ್ತುವಲ್ಲ. ಕದ್ಮತ್ ಅತಿ ಅಗಲವಿರುವಲ್ಲೂ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಮಳೆಗಾಲದ ಅರಬ್ಬೀ ಸಮುದ್ರದ ಅಲೆಗಳು ಆ ಮನೆಗಳನ್ನು ತಲುಪುವ ಮೊದಲೇ ಒಡೆಯುವುದು ಹೊರಗಿನ ಹವಳದ ಗೋಡೆಗೆ ಬಡಿದು.