ನಾಯಿಯ ಬಾಯಲ್ಲಿದ್ದ ರೊಟ್ಟಿ



ಆಗಸ್ಟ್ 16 ಸಂತ ರೋಕರ ಹಬ್ಬ. ಅವರ ಪ್ರತಿಮೆಯನ್ನು ನೋಡಿದವರಿಗೆ ಎರಡು ಗುರುತುಗಳು ಮರೆಯುವುದಿಲ್ಲ. ಒಂದು, ತೊಡೆಯ ಮೇಲಿನ ಗಾಯವನ್ನು ತೋರಿಸುವ ಕೈ. ಇನ್ನೊಂದು, ಬಾಯಲ್ಲಿ ರೊಟ್ಟಿ ಹಿಡಿದು ಕಾಲ ಬಳಿ ನಿಂತ ನಾಯಿ. ಸಂಪ್ರದಾಯದ ಪ್ರಕಾರ ಇವರು ಫ್ರಾನ್ಸಿನ ಮೊಂಪೆಲಿಯೆ ಊರಿನವರು. 14ನೇ ಶತಮಾನದಲ್ಲಿ ಯಾತ್ರಿಕರಾಗಿ ಇಟಲಿಗೆ ಹೋದಾಗ ಅಲ್ಲಿನ ಪ್ಲೇಗ್ ರೋಗಿಗಳ ಸೇವೆ ಮಾಡಿದರು. ಕೊನೆಗೆ ತಮಗೇ ರೋಗ ತಗುಲಿದಾಗ ಯಾರಿಗೂ ತೊಂದರೆಯಾಗಬಾರದೆಂದು ಪಿಯಾಚೆಂಜಾ ಊರಿನ ಹತ್ತಿರದ ಕಾಡಿಗೆ ಹೋಗಿ ಒಬ್ಬರೇ ಉಳಿದರು. ಆಗ ಒಂದು ನಾಯಿ ತನ್ನ ಯಜಮಾನನ ಮನೆಯಿಂದ ದಿನಾಲೂ ರೊಟ್ಟಿ ತಂದುಕೊಡುತ್ತಿತ್ತಂತೆ.

ಆ ನಾಯಿಗೆ ವೈದ್ಯ ಗೊತ್ತಿರಲಿಲ್ಲ. ಅದು ಪ್ಲೇಗನ್ನು ನಿಲ್ಲಿಸಲಿಲ್ಲ. ಅಂದಂದಿನ ರೊಟ್ಟಿಯನ್ನು ಅಂದಂದು ತಂದಿತು, ಅಷ್ಟೇ. ಆದರೂ ಆರು ನೂರು ವರ್ಷಗಳಿಂದ ಧರ್ಮಸಭೆ ಆ ನಾಯಿಯನ್ನು ಸಂತರ ಪಕ್ಕದಿಂದ ಕದಲಿಸಿಲ್ಲ. ಏಕೆಂದು 2020ರ ಕೊರೋನಾ ಕಾಲವನ್ನು ಕಂಡ ನಮಗೆ ಚೆನ್ನಾಗಿ ಅರ್ಥವಾಗಬೇಕು. ಅದರಲ್ಲೂ ಕಲಬುರಗಿ ಸೀಮೆಯವರಿಗೆ.

ಭಾರತದಲ್ಲಿ ಕೊರೋನಾದಿಂದ ಸಂಭವಿಸಿದ ಮೊದಲ ಸಾವು ಕಲಬುರಗಿಯಿಂದಲೇ ವರದಿಯಾಯಿತು. ಸೌದಿ ಅರೇಬಿಯಾದಿಂದ ಮರಳಿದ್ದ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಅದಕ್ಕೆ ಕೊರೋನಾವೇ ಕಾರಣವೆಂದು ಮಾರ್ಚ್ 12ರಂದು ಖಚಿತವಾಯಿತು. ತೊಗರಿಯ ಕಣಜವೆಂದು ಹೆಸರಾಗಿದ್ದ ಜಿಲ್ಲೆಯ ಹೆಸರು ಭಯದ ಸುದ್ದಿಯಾಗಿ ದೇಶದ ತುಂಬ ಕೇಳಿಬಂತು. ಮಾರ್ಚ್ 14ರಿಂದ ರಾಜ್ಯದಲ್ಲಿ ಚಿತ್ರಮಂದಿರ, ಮಾಲ್‌ಗಳು ಮುಚ್ಚಿದವು. ಜಾತ್ರೆ, ದೊಡ್ಡ ಮದುವೆಗಳಿಗೆ ತಡೆ ಬಿತ್ತು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಮಾರ್ಚ್ 25ರಿಂದ ಇಡೀ ದೇಶಕ್ಕೆ 21 ದಿನಗಳ ಬೀಗ. ಆ ದಿನ ಯುಗಾದಿ. ಬೇವು ಬೆಲ್ಲ ಹಂಚಲು ಪಕ್ಕದ ಮನೆಗೆ ಹೋಗಲೋ ಬೇಡವೋ ಎಂದು ಜನ ಬಾಗಿಲಲ್ಲೇ ನಿಂತು ಯೋಚಿಸಿದ ಯುಗಾದಿ ಅದು.

ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗೆ ಘತ್ತರಗಿ ಎಂಬ ಊರಿದೆ. ಭಾಗ್ಯವಂತಿ ದೇವಿಯ ಗುಡಿಯಿಂದ ಹೆಸರಾದ ಊರು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನ ಸೇರುತ್ತಾರೆ. ಇಂಥ ಊರಿನಲ್ಲಿ ಗುಡಿಯ ಬಾಗಿಲು ಮುಚ್ಚಿದರೆ ಪೂಜೆಯೊಂದೇ ನಿಲ್ಲುವುದಿಲ್ಲ. ತೆಂಗಿನಕಾಯಿ, ಕುಂಕುಮ, ಬಳೆ ಮಾರುವವರ ಒಲೆಯೂ ತಣ್ಣಗಾಗುತ್ತದೆ. ಅದೇ ದಿನಗಳಲ್ಲಿ ನಮ್ಮ ದೇವಾಲಯಗಳೂ ಬರಿದಾಗಿದ್ದವು. ಏಪ್ರಿಲ್ 5ರ ಗರಿಗಳ ಭಾನುವಾರ ಗರಿಗಳಿಲ್ಲದೆ ಕಳೆಯಿತು. ಏಪ್ರಿಲ್ 12ರ ಪುನರುತ್ಥಾನದ ಹಬ್ಬವನ್ನು ನಾವು ಮನೆಯೊಳಗೆ ಮೊಬೈಲಿನ ಸಣ್ಣ ಪರದೆಯ ಮುಂದೆ ಆಚರಿಸಿದೆವು. ಬಸವ ಜಯಂತಿಗೆ ಮೆರವಣಿಗೆಯಿಲ್ಲ. ಮೇ 25ರ ರಂಜಾನ್ ಹಬ್ಬಕ್ಕೆ ಈದ್ಗಾದಲ್ಲಿ ಸಾಲುಗಳಿಲ್ಲ. ಘತ್ತರಗಿಗಿಂತ ಮೇಲೆ ಅದೇ ಭೀಮೆಯ ದಂಡೆಯಲ್ಲಿರುವ ಪಂಢರಪುರಕ್ಕೆ ಆ ವರ್ಷ ವಾರಕರಿಗಳು ನಡೆದು ಹೋಗಲಿಲ್ಲ. ಸಂತರ ಪಾದುಕೆಗಳು ಬಸ್ಸಿನಲ್ಲಿ ಹೋದವು. ಎಲ್ಲ ಧರ್ಮದವರ ದೊಡ್ಡ ಹಬ್ಬಗಳೂ ಒಟ್ಟಿಗೆ ಬಾಗಿಲು ಹಾಕಿಕೊಂಡಿದ್ದವು.

ಹಾಗಾದರೆ ತೆರೆದಿದ್ದುದು ಯಾವುದು? ಅಡುಗೆಮನೆ. ನಮ್ಮ ಸೀಮೆಯಲ್ಲಿ ಬಿಳಿಜೋಳ ಮನೆ ಸೇರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ತೊಗರಿ ಅದಕ್ಕೂ ಮೊದಲೇ ಬಂದಿರುತ್ತದೆ. ಬೆಳೆದವರ ಮನೆಯಲ್ಲಿ ಕಾಳಿತ್ತು. ಅಂದು ದುಡಿದು ಅಂದು ತಿನ್ನುವವರ ಮನೆಯಲ್ಲಿ ಇರಲಿಲ್ಲ. ಸರ್ಕಾರ ಏಪ್ರಿಲ್, ಮೇ ತಿಂಗಳುಗಳ ಪಡಿತರವನ್ನು ಒಟ್ಟಿಗೆ ಕೊಟ್ಟಿತು. ಆದರೆ ಅಕ್ಕಿ ಬಂದ ಮಾತ್ರಕ್ಕೆ ಎಣ್ಣೆ, ಖಾರ, ಸಕ್ಕರೆ, ಚಹಾಪುಡಿ ಬರುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ನಮ್ಮ ಹಳೆಯ ಕೈಗಡ. ಒಂದು ಬಟ್ಟಲು ಸಕ್ಕರೆ, ಒಂದು ಹಿಡಿ ಶೇಂಗಾ ಹಿಂಡಿ, ನಾಲ್ಕು ಖಡಕ್ ರೊಟ್ಟಿ. ಗೋಡೆಯ ಮೇಲೆ ಇಟ್ಟು ಸರಿದು ನಿಂತರೆ ಆಚೆಯವರು ತೆಗೆದುಕೊಳ್ಳುತ್ತಿದ್ದರು. ಬರಿದಾದ ಬಟ್ಟಲನ್ನು ಹಾಗೆಯೇ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಅದರಲ್ಲಿ ಪುಂಡಿ ಪಲ್ಯವೋ ಎರಡು ಮಾವಿನಕಾಯಿಯೋ ಬರುತ್ತಿತ್ತು.

ಸಣ್ಣ ಸಂತೋಷಗಳೂ ಹಾಗೆಯೇ ಮರಳಿ ಬಂದವು. ಬೇಸಿಗೆಯಲ್ಲಿ ಶ್ಯಾವಿಗೆ ಹೊಸೆಯುವುದು, ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಒಣಗಿಸುವುದು ಅಜ್ಜಿಯರ ಕೆಲಸವಾಗಿ ಉಳಿದಿತ್ತು. ಆ ವರ್ಷ ಮೊಮ್ಮಕ್ಕಳೂ ಕೈಗೂಡಿಸಿದರು. ಮೂಲೆ ಸೇರಿದ್ದ ಅಳಗುಳಿ ಮಣೆ ಹೊರಬಂತು. ನೆಲದ ಮೇಲೆ ಸುಣ್ಣದಕಡ್ಡಿಯಿಂದ ಚೌಕಾಬಾರದ ಮನೆ ಬರೆದು, ಹುಣಸೆಬೀಜ ತೇಯ್ದು ಕವಡೆ ಮಾಡಿಕೊಂಡರು. ದೂರದರ್ಶನ ಮಾರ್ಚ್ 28ರಿಂದ ರಾಮಾಯಣ ಧಾರಾವಾಹಿಯನ್ನು ಮತ್ತೆ ತೋರಿಸಿದಾಗ ಮೂರು ತಲೆಮಾರು ಒಂದೇ ಕೋಣೆಯಲ್ಲಿ ಕುಳಿತಿತು. ನಮ್ಮ ಅನೇಕ ಮನೆಗಳಲ್ಲಿ ಸಂಜೆಯ ಜಪಸರ ಮತ್ತೆ ಆರಂಭವಾಯಿತು.

ಆದರೆ ಸಿಹಿಯನ್ನು ಮಾತ್ರ ನೆನೆದರೆ ನಾವು ಸುಳ್ಳು ಹೇಳಿದಂತಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎಷ್ಟೋ ಕುಟುಂಬಗಳು ಮುಂಬಯಿ, ಪುಣೆಗಳಲ್ಲಿ ಕಟ್ಟಡದ ಕೆಲಸ ಮಾಡಿ ಬದುಕುತ್ತವೆ. ಕೆಲಸ ನಿಂತಾಗ ಅವರಿಗೆ ಅಲ್ಲಿ ಬಾಡಿಗೆ ಕಟ್ಟಲಾಗಲಿಲ್ಲ. ಮೇ ತಿಂಗಳಲ್ಲಿ ಅವರು ರೈಲು, ಬಸ್ಸು, ಲಾರಿಗಳಲ್ಲಿ, ಕೆಲವರು ನಡೆದುಕೊಂಡೇ ಊರಿಗೆ ಹೊರಟರು. ಇತ್ತ ರಾಜ್ಯದ ಅನೇಕ ಹಳ್ಳಿಗಳಲ್ಲಿ ಜನ ಊರಿನ ದಾರಿಗೆ ಮುಳ್ಳು ಎಳೆದಿದ್ದರು, ಗುಂಡಿ ತೋಡಿದ್ದರು. ಬರುತ್ತಿದ್ದವರು ಪರದೇಶಿಗಳಲ್ಲ. ಅದೇ ಊರಿನ ಮಕ್ಕಳು, ಹಬ್ಬಕ್ಕೆ ಹಣ ಕಳಿಸುತ್ತಿದ್ದ ಅಣ್ಣತಮ್ಮಂದಿರು. ಭಯ ಒಡಹುಟ್ಟಿದವರ ನಡುವೆಯೂ ಮುಳ್ಳು ಹಾಕಿತು.

ಆ ಭಯಕ್ಕೆ ಕಾರಣವಿರಲಿಲ್ಲ ಎನ್ನಲಾಗದು. ನಮ್ಮ ಹಿರಿಯರು ಇಂಥದ್ದನ್ನು ಹಿಂದೆಯೂ ಕಂಡಿದ್ದರು. 1896ರಲ್ಲಿ ಪ್ಲೇಗ್ ಕಾಣಿಸಿಕೊಂಡದ್ದು ಮುಂಬಯಿಯಲ್ಲೇ. ಅದನ್ನು ತಡೆಯಲು ಬ್ರಿಟಿಷರು 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲೂ ಬಳಸಲಾಯಿತು. 1918ರ ಇನ್‌ಫ್ಲುಯೆಂಜಾ ಜ್ವರವೂ ಮುಂಬಯಿ ಬಂದರಿಗೆ ಬಂದು ರೈಲಿನ ಜೊತೆ ಒಳನಾಡಿಗೆ ಹರಡಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ ಕನ್ನಡ ನಾಡಿನ ಹಳ್ಳಿಹಳ್ಳಿಯಲ್ಲೂ ಇದೆ. ಮನುಷ್ಯ ದೂರ ನಿಲ್ಲುವುದನ್ನು ಆಗಲೇ ಕಲಿತಿದ್ದ. ದೂರ ನಿಂತೂ ಕೈಬಿಡದಿರುವುದನ್ನು ಪ್ರತಿ ತಲೆಮಾರೂ ಹೊಸದಾಗಿ ಕಲಿಯಬೇಕಾಗುತ್ತದೆ.

ಧರ್ಮಸಭೆಯ ಚರಿತ್ರೆಯಲ್ಲಿ ಈ ಪಾಠ ಬಹಳ ಹಳೆಯದು. ಸುಮಾರು 260ರಲ್ಲಿ ಅಲೆಕ್ಸಾಂಡ್ರಿಯ ನಗರದಲ್ಲಿ ಮಹಾಮಾರಿ ಬಂದಾಗ ಅಲ್ಲಿನ ಧರ್ಮಾಧ್ಯಕ್ಷ ದಿಯೋನಿಸಿಯುಸರು ಒಂದು ಪತ್ರ ಬರೆದರು. ಜನ ತಮ್ಮವರನ್ನೇ ಬೀದಿಯಲ್ಲಿ ಬಿಟ್ಟು ಓಡಿದಾಗ ಕ್ರೈಸ್ತರು ರೋಗಿಗಳ ಆರೈಕೆಗೆ ನಿಂತದ್ದನ್ನು ಅದರಲ್ಲಿ ದಾಖಲಿಸಿದರು. 1576ರಲ್ಲಿ ಇಟಲಿಯ ಮಿಲಾನಿನಲ್ಲಿ ಪ್ಲೇಗ್ ಹರಡಿತು. ಊರಿನ ಅಧಿಕಾರಿಗಳಲ್ಲಿ ಅನೇಕರು ಓಡಿಹೋದಾಗ ಮಹಾಧರ್ಮಾಧ್ಯಕ್ಷ ಸಂತ ಚಾರ್ಲ್ಸ್ ಬೊರೋಮಿಯೊ ಅಲ್ಲೇ ಉಳಿದರು. ಜನ ಮನೆಯೊಳಗೇ ಇರಬೇಕಾಗಿತ್ತು. ಅದಕ್ಕಾಗಿ ಅವರು ಬೀದಿ ಕೂಡುವ ಕಡೆಗಳಲ್ಲಿ ಬಲಿಪೀಠಗಳನ್ನು ಕಟ್ಟಿಸಿದರು. ಜನ ಕಿಟಕಿಯಿಂದಲೇ ಬಲಿಪೂಜೆ ಕಂಡರು. ತಮ್ಮ ಅರಮನೆಯ ಪರದೆ ಬಟ್ಟೆಗಳನ್ನು ಕತ್ತರಿಸಿ ಬಡವರಿಗೆ ಅಂಗಿ ಹೊಲಿಸಿದರು. ಮೊಬೈಲಿನಲ್ಲಿ ಬಲಿಪೂಜೆ ಕಂಡ ನಾವು ಆ ಕಿಟಕಿಗಳ ಸಾಲಿಗೇ ಸೇರಿದವರು.

2020ರ ಮಾರ್ಚ್ 27ರ ಸಂಜೆ, ಮಳೆ ಸುರಿಯುತ್ತಿದ್ದ ಬರಿದಾದ ಸಂತ ಪೇತ್ರರ ಚೌಕದಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸ್ ಒಬ್ಬರೇ ನಡೆದು ಬಂದದ್ದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅವರು ಆರಿಸಿಕೊಂಡದ್ದು ಮಾರ್ಕನ ಶುಭಸಂದೇಶದ 4ನೇ ಅಧ್ಯಾಯದಲ್ಲಿರುವ ಬಿರುಗಾಳಿಯ ಪ್ರಸಂಗ. ಅಂದು ಅವರು ನೆನೆದದ್ದು ದೊಡ್ಡ ಹೆಸರಿನವರನ್ನಲ್ಲ. ವೈದ್ಯರು, ದಾದಿಯರು, ಅಂಗಡಿಯಲ್ಲಿ ಸಾಮಾನು ಕೊಡುವವರು, ಕಸ ಗುಡಿಸುವವರು, ಗಾಡಿ ಓಡಿಸುವವರು. ನಮ್ಮ ಕಡೆಯ ಹೆಸರುಗಳಲ್ಲಿ ಹೇಳುವುದಾದರೆ ಬಿಸಿಲಲ್ಲಿ ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆ, ಪಡಿತರ ತೂಗಿದವರು, ಹಾಲು ತಂದವರು, ಪೌರಕಾರ್ಮಿಕರು.

ಮುಳ್ಳು ಹಾಕಿದ ನಮ್ಮ ಹಳ್ಳಿಗಳೂ ಮುಳ್ಳಿನಲ್ಲೇ ಉಳಿಯಲಿಲ್ಲ. ಮರಳಿದವರನ್ನು ಸರ್ಕಾರ ಶಾಲೆಗಳಲ್ಲಿ, ವಸತಿನಿಲಯಗಳಲ್ಲಿ ಕ್ವಾರಂಟೈನ್ ಇರಿಸಿತು. 40 ಡಿಗ್ರಿ ದಾಟುವ ಮೇ ತಿಂಗಳ ಧಗೆ. ಎಷ್ಟೋ ಕಡೆ ಮನೆಯವರು ರೊಟ್ಟಿಯ ಬುತ್ತಿ ಕಟ್ಟಿ ತಂದು ಶಾಲೆಯ ಗೇಟಿನ ಬಳಿ ಇಟ್ಟು ದೂರ ನಿಂತರು. ಒಳಗಿದ್ದ ಕೂಸನ್ನು ಅಜ್ಜಿ ಗೇಟಿನ ಆಚೆಯಿಂದಲೇ ಕರೆದು ಮಾತನಾಡಿಸಿದಳು. ಬಿಡುಗಡೆಯಾದ ಮೇಲೆ ಅನೇಕರು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದರು. ದಿನಕ್ಕೆ 275 ರೂಪಾಯಿ ಕೂಲಿ. ಕೆರೆಯ ಹೂಳೆತ್ತುವಾಗ, ಹೊಲಕ್ಕೆ ಬದು ಹಾಕುವಾಗ ಊರಲ್ಲಿ ಉಳಿದವರೂ ಮರಳಿ ಬಂದವರೂ ಒಟ್ಟಿಗೆ ಬುಟ್ಟಿ ಹೊತ್ತರು. ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆ ಬಂದಾಗ ಶಿಕ್ಷಕರು ಶಾಲೆ ಬಿಟ್ಟು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಬಂದು ಮಕ್ಕಳಿಗೆ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದು ನಿಂತಿತಾದರೂ ಕಟ್ಟೆಯ ಮೇಲಿನ ಆ ಪಾಠವನ್ನು ಮಕ್ಕಳು ಮರೆತಿಲ್ಲ.

ಅದೇ ಅಕ್ಟೋಬರಿನಲ್ಲಿ ಇನ್ನೊಂದು ಪರೀಕ್ಷೆ ಬಂತು. ಮಹಾರಾಷ್ಟ್ರದಲ್ಲಿ ಭಾರೀ ಮಳೆಯಾಗಿ ಅಲ್ಲಿನ ಜಲಾಶಯಗಳಿಂದ ನೀರು ಬಿಟ್ಟಾಗ ಭೀಮೆ ಉಕ್ಕಿತು. ಘತ್ತರಗಿಯ ಸೇತುವೆ ಮುಳುಗಿತು. ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಸಾವಿರಾರು ಜನ ಕಾಳಜಿ ಕೇಂದ್ರ ಸೇರಿದರು. ಏಳು ತಿಂಗಳಿಂದ ದೂರ ನಿಲ್ಲಿ ಎಂದು ಕೇಳಿದ್ದ ಜನ ಈಗ ಒಂದೇ ಸೂರಿನಡಿ ಮಲಗಬೇಕಾಯಿತು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ಮುದುಕರ ಕೈ ಹಿಡಿದು ನೀರು ದಾಟಿಸಿದರು. ನದಿ ಮನೆಯೊಳಗೆ ಬಂದಾಗ ನೆರೆಯವನು ಯಾವ ಊರಿನಿಂದ ಮರಳಿದವನು ಎಂದು ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ.

ಪ್ರಿಯರೇ, 2021ರ ಎರಡನೇ ಅಲೆ ಮೊದಲನೆಯದಕ್ಕಿಂತ ಕ್ರೂರವಾಗಿತ್ತು. ನಮ್ಮ ಧರ್ಮಕೇಂದ್ರಗಳಲ್ಲೂ ಖಾಲಿಯಾದ ಆಸನಗಳಿವೆ. ಅವರ ಅಂತ್ಯಕ್ರಿಯೆಗೆ ಹೋಗಲಾಗದ ನೋವು ಅನೇಕರ ಎದೆಯಲ್ಲಿ ಇಂದಿಗೂ ಇದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿತು. ಜಾತ್ರೆಗಳು ಮತ್ತೆ ತುಂಬಿವೆ. ನಮ್ಮ ಹಬ್ಬದ ಮೆರವಣಿಗೆಗಳೂ ಹಿಂದಿನಂತೆಯೇ ಹೊರಡುತ್ತಿವೆ. ಆದರೆ ಗೋಡೆಯ ಮೇಲಿನ ಬಟ್ಟಲು?

ಬೀಗ ತೆರೆದ ಕೂಡಲೇ ನಾವು ಮತ್ತೆ ಬಾಗಿಲು ಹಾಕಿಕೊಂಡಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ. ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಪ್ರಭು ಯೇಸು ವಿವರಣೆ ಕೊಡಲಿಲ್ಲ, ದಾರಿಯಲ್ಲಿ ನಿಂತ ಒಬ್ಬ ಸಮಾರಿತನನ್ನು ತೋರಿಸಿದರು. ಆ ಸಮಾರಿತನಿಗೂ ಭಯವಿದ್ದಿರಬೇಕು, ಕಳ್ಳರಿದ್ದ ದಾರಿ ಅದು. ಆದರೂ ಅವನು ನಿಂತ. ನಮ್ಮ ಬೀದಿಯಲ್ಲಿ ಒಬ್ಬರೇ ಇರುವ ಮುದುಕಿಯುಂಟೇ? ಈ ವರ್ಷವೂ ಪುಣೆಗೆ ಗುಳೆ ಹೋದವರ ಮನೆಯಲ್ಲಿ ಉಳಿದ ಮಕ್ಕಳುಂಟೇ? ಅವರ ಒಲೆ ಇಂದು ಹೊತ್ತಿತೇ ಎಂದು ನೋಡಲು ಮಹಾಮಾರಿ ಬರಬೇಕಾಗಿಲ್ಲ.

ಸಂತ ರೋಕರ ಹಬ್ಬದಂದು ಪ್ರತಿಮೆಗೆ ಹೂ ಏರಿಸುವಾಗ ಕಾಲ ಬಳಿಯ ಆ ನಾಯಿಯನ್ನೂ ಒಮ್ಮೆ ನೋಡಿರಿ. ಮನೆಗೆ ಹಿಂದಿರುಗಿದ ಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿ, ಉಂಡಿರಾ ಎಂದು ಕೇಳಿರಿ. ಹಾಗೆ ಕೇಳುವ ಮನಸ್ಸನ್ನೂ ಕೊಡುವ ಕೈಯನ್ನೂ ದೇವರು ನಮಗೆಲ್ಲರಿಗೂ ದಯಪಾಲಿಸಲಿ.